ಬಾಡಿಗೆ ಮನೆಗೆ ಜನಾಂಗ ಅಡ್ಡ ಬಂದಾಗ

ಪ್ರಶ್ನೆ: ನಾವು ಹಾಸನದವರು, ಈಗ ಮೆಲ್ಬರ್ನ್‌ನಲ್ಲಿದ್ದೇವೆ. ಬಾಡಿಗೆ ಮನೆಗೆ ಅರ್ಜಿ ಹಾಕಿದ್ದೆವು. 'ಇಂಡಿಯನ್ನರಿಗೆ ಕೊಡಲು ಮಾಲೀಕರಿಗೆ ಇಷ್ಟವಿಲ್ಲ, ಒಗ್ಗರಣೆ ವಾಸನೆ ಹೋಗಲ್ಲ' ಎಂದರು ಏಜೆಂಟ್. ಆಮೇಲೆ 'ನಿಮ್ಮ ಆದಾಯವೂ ಕಡಿಮೆ' ಎಂದರು. ಇದು ತಾರತಮ್ಯವೇ? ದೂರು ಕೊಟ್ಟರೆ ವೀಸಾಗೆ ತೊಂದರೆ ಆಗುತ್ತಾ?

ಉತ್ತರ: ನೀವು ಹೇಳಿದ್ದು ಹಾಗೆಯೇ ನಡೆದಿದ್ದರೆ, ಹೌದು, ತಾರತಮ್ಯವೇ. ಓದಿ ನನಗೂ ಬೇಸರವಾಯಿತು.

ಆಸ್ಟ್ರೇಲಿಯಾದಲ್ಲಿ 1975ರಿಂದಲೇ ಜನಾಂಗೀಯ ತಾರತಮ್ಯ ತಡೆ ಕಾಯ್ದೆ ಇದೆ. ಬಣ್ಣ, ಜನಾಂಗ, ಮೂಲ ದೇಶ ನೋಡಿ ಮನೆ ಕೊಡದಿರುವುದನ್ನು ಅದರ 12ನೇ ಸೆಕ್ಷನ್ ತಡೆಯುತ್ತದೆ. ವಲಸೆ ಬಂದವರು ಅನ್ನುವ ಕಾರಣಕ್ಕೂ ನಿರಾಕರಿಸುವಂತಿಲ್ಲ. ಒಂದು ವಿನಾಯಿತಿ ಇದೆ: ಮಾಲೀಕರು ಅಥವಾ ಅವರ ಸಂಬಂಧಿಕರು ಅದೇ ಮನೆಯಲ್ಲಿ ನಿಮ್ಮ ಜೊತೆ ಇರುವುದಾದರೆ ಈ ಸೆಕ್ಷನ್ ಅನ್ವಯಿಸುವುದಿಲ್ಲ.

ಆದಾಯದ ಮಾತಿಗೆ ಹೆದರಬೇಡಿ. ಅನೇಕರು ಇಲ್ಲೇ ಸುಮ್ಮನಾಗಿಬಿಡುತ್ತಾರೆ. 18ನೇ ಸೆಕ್ಷನ್ ಪ್ರಕಾರ ನಿರಾಕರಣೆಗೆ ಹಲವು ಕಾರಣಗಳಿದ್ದು, ಅದರಲ್ಲಿ ಜನಾಂಗವೂ ಒಂದಾಗಿದ್ದರೆ ಸಾಕು. ಅದೇ ಮುಖ್ಯ ಕಾರಣ ಆಗಿರಬೇಕಿಲ್ಲ. 'ಮಾಲೀಕರು ಹೇಳಿದ್ದಕ್ಕೆ ಹೇಳಿದೆ' ಎಂದು ಏಜೆಂಟ್ ಕೈ ತೊಳೆದುಕೊಳ್ಳಲೂ ಆಗದು. ಇಬ್ಬರ ಮೇಲೂ ದೂರು ಕೊಡಬಹುದು.

ಇನ್ನು ವೀಸಾ. ಈ ರಕ್ಷಣೆ ಬರೀ ಪೌರರಿಗಲ್ಲ. ತಾರತಮ್ಯದ ದೂರು ಕೊಟ್ಟಿದ್ದು ವೀಸಾ ರದ್ದಿಗೆ ಕಾರಣವಾಗುವುದಿಲ್ಲ. ದೂರು ಕೊಟ್ಟವರನ್ನು ಹೆದರಿಸುವುದೇ ಈ ಕಾಯ್ದೆಯಲ್ಲಿ ಅಪರಾಧ.

ದೂರು ಆಸ್ಟ್ರೇಲಿಯಾದ ಮಾನವ ಹಕ್ಕುಗಳ ಆಯೋಗಕ್ಕೆ ಹೋಗಬೇಕು. ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಬರಹದಲ್ಲಿರಬೇಕು ಅಷ್ಟೇ, ಯಾವ ಭಾಷೆಯಾದರೂ ಸರಿ. ಘಟನೆ ನಡೆದು 24 ತಿಂಗಳು ದಾಟಿದರೆ ಆಯೋಗ ದೂರನ್ನು ಕೈಬಿಡಬಹುದು, ತಡ ಮಾಡಬೇಡಿ. ಏಜೆಂಟ್ ಯಾವ ದಿನ, ಯಾರೆದುರು, ಏನೆಂದರು ಎಂದು ಇವತ್ತೇ ಬರೆದಿಡಿ. ಮೆಸೇಜ್, ಇಮೇಲ್ ಅಳಿಸಬೇಡಿ. ಆ ಮನೆಯ ಜಾಹೀರಾತು ಇನ್ನೂ ಇದ್ದರೆ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ.

ಒಂದು ಮಾತು ಮೊದಲೇ ಗೊತ್ತಿರಲಿ: ಆಯೋಗ ಕೋರ್ಟ್ ಅಲ್ಲ, ದಂಡ ಹಾಕುವುದಿಲ್ಲ. ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಯತ್ನಿಸುತ್ತದೆ. ಕ್ಷಮಾಪಣೆ, ಪರಿಹಾರದ ಹಣ, ಏಜೆನ್ಸಿ ಸಿಬ್ಬಂದಿಗೆ ತರಬೇತಿ, ಇವನ್ನೆಲ್ಲ ಅಲ್ಲಿ ಕೇಳಬಹುದು. ರಾಜಿ ಆಗದೆ ಆಯೋಗ ದೂರನ್ನು ಮುಗಿಸಿದರೆ ಫೆಡರಲ್ ಕೋರ್ಟಿಗೆ ಹೋಗಲು 60 ದಿನ ಇರುತ್ತದೆ. ಅಲ್ಲಿ ಸೋತರೂ ಎದುರಿನವರ ಖರ್ಚು ಸಾಮಾನ್ಯವಾಗಿ ನಿಮ್ಮ ಮೇಲೆ ಬರುವುದಿಲ್ಲ; ಸರಿಯಾದ ಕಾರಣವಿಲ್ಲದೆ, ಬರೀ ಕಿರುಕುಳಕ್ಕೆಂದು ಕೇಸು ಹಾಕಿದ್ದರೆ ಅಥವಾ ಕೇಸು ನಡೆಸುವಾಗ ಅನುಚಿತವಾಗಿ ನಡೆದುಕೊಂಡು ಖರ್ಚು ಹೆಚ್ಚಿಸಿದ್ದರೆ ಮಾತ್ರ ಬರಬಹುದು. ಆ ಹಂತಕ್ಕೆ ಮಾತ್ರ ವಕೀಲರನ್ನು ಕಂಡೇ ಮುಂದುವರಿಯಿರಿ.