ತರಗತಿಯಲ್ಲಿ ಬಾಯಿ ಬಿಡದ ಮಗು

ಪ್ರಶ್ನೆ: ನಾನು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಆರನೆಯ ತರಗತಿಯ ಶಿಕ್ಷಕಿ. ಬೇರೆ ದೇಶಗಳಿಂದ ಬಂದ ಇಬ್ಬರು ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಹುಡುಗಿ ಸೇರಿ ಮೂರು ತಿಂಗಳಾದರೂ ಒಂದು ಮಾತೂ ಆಡಿಲ್ಲ. ಕಳೆದ ವರ್ಷ ಬಂದ ಹುಡುಗ ಆಟದ ಮೈದಾನದಲ್ಲಿ ಇಂಗ್ಲಿಷನ್ನು ಪಟಪಟನೆ ಆಡುತ್ತಾನೆ, ಆದರೆ ವಿಜ್ಞಾನದ ಪರೀಕ್ಷೆಯಲ್ಲಿ ಅರ್ಧ ಪುಟವನ್ನೂ ಬರೆಯುವುದಿಲ್ಲ. ಮನೆಯಲ್ಲಿಯೂ ಇಂಗ್ಲಿಷನ್ನೇ ಮಾತಾಡಿ ಎಂದು ಹೆತ್ತವರಿಗೆ ಹೇಳಬೇಕೆಂಬುದು ಸಹೋದ್ಯೋಗಿಗಳ ಸಲಹೆ. ಏನು ಮಾಡಲಿ?
— ಒಬ್ಬ ಶಿಕ್ಷಕಿ

ಉತ್ತರ: ಆ ಸಲಹೆಯನ್ನು ದಯವಿಟ್ಟು ಹೆತ್ತವರಿಗೆ ದಾಟಿಸಬೇಡಿ. ಮಗು ತಾಯಿಯೊಡನೆ ಜಗಳವಾಡುವುದು, ಕಾರಣ ಕೇಳುವುದು, ಕಥೆ ಹೇಳುವುದು ಎಲ್ಲವೂ ಮನೆಮಾತಿನಲ್ಲಿಯೇ. ಆ ಭಾಷೆಯಲ್ಲಿ ಓದಲು, ಯೋಚಿಸಲು ಕಲಿತದ್ದು ಇಂಗ್ಲಿಷಿನ ಕಲಿಕೆಗೂ ಆಧಾರವಾಗುತ್ತದೆ. ಹೆತ್ತವರೇ ತಡವರಿಸುವ ಭಾಷೆಯಲ್ಲಿ ಮನೆಯ ಮಾತುಕತೆ ನಡೆಯಬೇಕೆಂದರೆ, ಅದು ಬಡವಾಗುತ್ತದೆಯೇ ಹೊರತು ಮಗುವಿನ ಇಂಗ್ಲಿಷ್ ಬೆಳೆಯುವುದಿಲ್ಲ.

ಹುಡುಗಿಯ ಮೌನದ ಬಗ್ಗೆ ನೀವು ಈಗಲೇ ಆತಂಕಪಡಬೇಕಾಗಿಲ್ಲ. ಹೊಸ ಭಾಷೆಯೊಳಗೆ ಬಂದ ಅನೇಕ ಮಕ್ಕಳು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು, ಕೇಳಿಸಿಕೊಳ್ಳುತ್ತಲೇ ಇರುತ್ತಾರೆ. ನಾನು ಪಾಠ ಮಾಡುತ್ತಿದ್ದಾಗ ಇಂಥದೇ ಒಬ್ಬ ಹುಡುಗಿ ಇದ್ದಳು. ಗಿಡದ ಭಾಗಗಳ ಪಾಠದ ದಿನ ಅವಳ ಪುಸ್ತಕವನ್ನು ನೋಡಿದರೆ ಬೇರು, ಕಾಂಡ, ಎಲೆ, ಹೂವು ಎಲ್ಲವೂ ಅಚ್ಚುಕಟ್ಟಾಗಿ ಮೂಡಿದ್ದವು. ಪಕ್ಕದಲ್ಲಿ ಅವಳ ಲಿಪಿಯ ಹೆಸರುಗಳಿದ್ದವು, ಅವುಗಳ ಕೆಳಗೆ ಕಪ್ಪುಹಲಗೆಯಿಂದ ಒಂದೊಂದೇ ಅಕ್ಷರ ನೋಡಿ ಬರೆದುಕೊಂಡ ಇಂಗ್ಲಿಷ್ ಹೆಸರುಗಳಿದ್ದವು. ಅವಳಿಗೆ ಪಾಠ ತಿಳಿದಿತ್ತು. ಅದನ್ನು ನಾನು ಅಷ್ಟು ದಿನ ಬಾಯಿಮಾತಿನಲ್ಲಿ ಮಾತ್ರ ಹುಡುಕುತ್ತಿದ್ದೆ. ನಿಮ್ಮ ಹುಡುಗಿಗೂ ಚಿತ್ರ ಬಿಡಿಸಿ, ಬೆರಳಿಟ್ಟು ತೋರಿಸಿ, ಚೀಟಿಗಳನ್ನು ಜೋಡಿಸಿ ಉತ್ತರಿಸಲು ಅವಕಾಶ ಕೊಡಿ. ಪ್ರಶ್ನೆ ಕೇಳಿದ ಮೇಲೆ ಕಾಯುವುದೂ ಮುಖ್ಯ. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದು ಮೂರು ಸೆಕೆಂಡಿಗೆ ಏರಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆಂದೂ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಎರಡನೆಯ ಭಾಷೆಯಲ್ಲಿ ಉತ್ತರ ಹುಡುಕುವ ಮಗುವಿಗೆ ಮೂರು ಸೆಕೆಂಡೂ ಸಾಲದು. ಮನೆಮಾತಿನಲ್ಲಿಯೂ ಅವಳು ಹೊರಗೆ ಯಾರೊಡನೆಯೂ ಮಾತಾಡುವುದಿಲ್ಲವೆಂದು ಹೆತ್ತವರು ಹೇಳಿದರೆ ಮಾತ್ರ ತಜ್ಞರನ್ನು ಕಾಣುವುದು ಒಳ್ಳೆಯದು.

ನನಗೆ ಹೆಚ್ಚು ಚಿಂತೆಯಿರುವುದು ಹುಡುಗನ ಬಗ್ಗೆ, ಏಕೆಂದರೆ ಅವನಿಗೆ ಸಹಾಯ ಬೇಕೆಂಬುದೇ ಯಾರಿಗೂ ಕಾಣುವುದಿಲ್ಲ. ಚೆನ್ನಾಗಿ ಮಾತಾಡುವವನು ಬರೆಯದಿದ್ದರೆ ಸೋಮಾರಿ ಎನ್ನಿಸಿಕೊಳ್ಳುತ್ತಾನೆ. ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಲ್ಲಿ ದಿನಬಳಕೆಯ ಮಾತನ್ನೂ ಪಾಠದ ಭಾಷೆಯನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಮೊದಲನೆಯದು ಸುಮಾರು ಎರಡು ವರ್ಷಗಳಲ್ಲಿ ಒಗ್ಗಿದರೆ, ಎರಡನೆಯದರಲ್ಲಿ ಓರಗೆಯವರ ಸಮಕ್ಕೆ ಬರಲು 5ರಿಂದ 7 ವರ್ಷಗಳು ಬೇಕಾಗಬಹುದು. ಮೈದಾನದಲ್ಲಿ ಚೆಂಡು ಕಣ್ಣೆದುರಿಗಿರುತ್ತದೆ, ಗೆಳೆಯನ ಕೈಸನ್ನೆ ಇರುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಇರುವುದು ವಾಕ್ಯ ಮಾತ್ರ. ‘ಟೇಬಲ್’ ಎಂದರೆ ಮೇಜು ಎಂದು ಅವನಿಗೆ ಗೊತ್ತು, ಅದೇ ಪದ ಗಣಿತದಲ್ಲಿ ಮಗ್ಗಿ, ವಿಜ್ಞಾನದಲ್ಲಿ ಕೋಷ್ಟಕ. ‘ವಾಲ್ಯೂಮ್’ ಎಂದರೆ ಟಿವಿಯ ಸದ್ದು ಎಂದುಕೊಂಡವನಿಗೆ ಡಬ್ಬಿಯ ವಾಲ್ಯೂಮ್ ಕಂಡುಹಿಡಿ ಎಂದರೆ ಏನು ಹೊಳೆದೀತು?

ಆದ್ದರಿಂದ ಪ್ರತಿ ಪಾಠಕ್ಕೂ ಮುನ್ನ ಇಂಥ ಐದಾರು ಪದಗಳನ್ನು ಆರಿಸಿ, ವಸ್ತುವನ್ನೋ ಚಿತ್ರವನ್ನೋ ತೋರಿಸುತ್ತ ಕಲಿಸಿ. ‘ನೀರು ಆವಿಯಾಗಲು ಕಾರಣ…’ ಎಂಬಂಥ ಅರ್ಧ ವಾಕ್ಯವನ್ನು ಇಂಗ್ಲಿಷಿನಲ್ಲಿ ಕೊಟ್ಟು ಉಳಿದುದನ್ನು ಅವನಿಂದಲೇ ಬರೆಸಿ. ಬರೆಯುವ ಮುನ್ನ ಮನೆಮಾತಿನಲ್ಲಿ ಟಿಪ್ಪಣಿ ಮಾಡಿಕೊಳ್ಳಲು ಬಿಡಿ. ಹಾಳೆಯನ್ನು ತಿದ್ದುವಾಗ ವಿಜ್ಞಾನಕ್ಕೂ ವ್ಯಾಕರಣಕ್ಕೂ ಬೇರೆ ಬೇರೆ ಅಂಕ ಹಾಕಿ ನೋಡಿ. ‘ನೀರು ಬಿಸಿ, ಮೇಲೆ ಹೋಯಿತು, ಕಾಣುವುದಿಲ್ಲ’ ಎಂದು ಹರಕು ಇಂಗ್ಲಿಷಿನಲ್ಲಿ ಅವನು ಬರೆದಿದ್ದರೆ ಆವಿಯಾಗುವಿಕೆ ಅವನಿಗೆ ಅರ್ಥವಾಗಿದೆ, ಅದಕ್ಕೆ ಅಂಕ ಸಲ್ಲಲೇಬೇಕು.