ಹಾಲಿನ ಲೆಕ್ಕದ ಪಕ್ಕದಲ್ಲೇ ತಲೆನೋವಿನ ಲೆಕ್ಕ

ತಿಪಟೂರಿನ ಕಡೆಯಿಂದ ಬಂದ ಒಂದು ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಬರೆದವರಿಗೆ 36 ವರ್ಷ, ತಲೆನೋವಿಗೆ ಎಂಟು ವರ್ಷ. ಎಡಗಣ್ಣಿನ ಹಿಂದೆ ಶುರುವಾಗಿ ಅರ್ಧ ತಲೆ ಸಿಡಿಯುತ್ತದೆ, ಒಗ್ಗರಣೆಯ ವಾಸನೆಗೇ ವಾಂತಿ ಬರುತ್ತದೆ, ಮುಟ್ಟಿಗೆ ಎರಡು ದಿನ ಮುಂಚೆ ಇನ್ನೂ ಜೋರು. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟರು. ಇನ್ನೊಬ್ಬರು ಸ್ಕ್ಯಾನಿಂಗ್ ಮಾಡಿಸಿ, ‘ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿಕೊಳ್ಳಲಿ’ ಎಂದು ನಿದ್ದೆ ಮಾತ್ರೆ ಬರೆದರು. ಈಗ ಮಲಗಿದರೆ ಮನೆಯವರು ಕೆಲಸಗಳ್ಳಿ ಎನ್ನುತ್ತಾರಂತೆ. ‘ಇದೆಲ್ಲ ನನ್ನ ಭ್ರಮೆಯೇ?’ ಎಂದು ಕೇಳಿದ್ದಾರೆ.

ಅಲ್ಲ ತಂಗಿ, ಖಂಡಿತ ಅಲ್ಲ. ಕಾಯಿಲೆಗೆ ಹೆಸರಿಡಬೇಕಾದವರು ಡಾಕ್ಟರೇ ಆದರೂ ನೀವು ಬರೆದ ಒಂದೊಂದು ಲಕ್ಷಣವೂ ಅರೆತಲೆನೋವಿನದು, ಮೈಗ್ರೇನಿನದು. ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳಲ್ಲಿ 2,329 ಜನರನ್ನು ಕೇಳಿ ನಡೆಸಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ಮೈಗ್ರೇನ್ ಅನುಭವಿಸಿದವರು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಇಷ್ಟು ಜನರಿಗೆ ಒಟ್ಟಿಗೆ ಭ್ರಮೆ ಹಿಡಿಯುವುದಿಲ್ಲ. ಮುಟ್ಟಿಗೆ ಮುಂಚೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಇಳಿಯುವುದು ಈ ನೋವನ್ನು ಕೆರಳಿಸುತ್ತದೆ. ಅದು ದೇಹದ ಕೆಲಸ, ನಿಮ್ಮ ಸ್ವಭಾವದ ದೋಷವಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೆಯ ಪುಟದಲ್ಲಿ ನೀವು ಸುಮ್ಮನೆ ಬರೆದುಹೋದ ಒಂದು ಸಾಲು: ‘ಡಾಕ್ಟರ ಹತ್ತಿರ ನಮ್ಮ ಯಜಮಾನರೇ ಎಲ್ಲ ವಿವರವಾಗಿ ಹೇಳಿದರು.’

ಏನು ಹೇಳಿದರು? ಮಗಳ ಎಸ್ಸೆಸ್ಸೆಲ್ಸಿ, ಅತ್ತೆಯ ಮಂಡಿನೋವು, ‘ಇವಳು ಎಲ್ಲವನ್ನೂ ತಲೆಗೆ ಹಚ್ಚಿಕೊಳ್ಳುತ್ತಾಳೆ’ ಎಂಬುದು. ಒಗ್ಗರಣೆಯ ವಾಸನೆಗೆ ವಾಂತಿ ಬರುವುದನ್ನು ಅವರು ಹೇಳಿದರೇ? ಮುಟ್ಟಿನ ಲೆಕ್ಕವನ್ನು? ಮೈಗ್ರೇನ್ ಸ್ಕ್ಯಾನಿಂಗ್‌ನಲ್ಲಿ ಕಾಣುವುದಿಲ್ಲ. ಅದನ್ನು ಗುರುತಿಸುವುದೇ ನೋವು ತಿನ್ನುವವರ ಮಾತು ಕೇಳಿ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ನಿಮ್ಮ ಗಂಡನನ್ನು ಪ್ರಶ್ನೆ ಕೇಳಿದ ಆ ಡಾಕ್ಟರು ಪರೀಕ್ಷೆಯನ್ನೇ ಮಾಡಲಿಲ್ಲ ಎಂದು ನಾನು ಹೇಳುತ್ತೇನೆ. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ಡಾಕ್ಟರ ಮುಂದೆ ರೋಗಿಯೇ ಮಾತನಾಡಬೇಕು.

ನಿಮ್ಮ ಯಜಮಾನರು ಒಳ್ಳೆಯವರು ಎಂದಿದ್ದೀರಿ, ನಂಬುತ್ತೇನೆ. ಸಂಬಳ ಬಿಟ್ಟು ರಜೆ ಹಾಕಿ ಕರೆದುಕೊಂಡು ಹೋಗಿದ್ದಾರೆ. ನನ್ನ ಸಿಟ್ಟೆಲ್ಲ ನಿಮ್ಮ ಅಕ್ಕನ ಮೇಲೆ. ‘ನನಗೂ ಇತ್ತು, ಮುಟ್ಟು ನಿಂತರೆ ಹೋಗುತ್ತದೆ, ತಡೆದುಕೋ’ ಎಂದರಂತೆ. ಅಂದರೆ ಇನ್ನು ಹತ್ತು ಹದಿನೈದು ವರ್ಷ! ಆ ನೋವು ತಿಂದವರೇ ತಂಗಿಗೆ ಹೀಗೆ ಹೇಳಿದರೆ, ಡಾಕ್ಟರು ಹೇಳುವುದರಲ್ಲಿ ಆಶ್ಚರ್ಯವೇನು?

ಇನ್ನೊಂದು ವಿಷಯ ಯಜಮಾನರಿಗೂ ಗೊತ್ತಿಲ್ಲ: ಮಗ ಅಂಗಡಿಯಿಂದ ತರುವ ನೋವಿನ ಮಾತ್ರೆಯನ್ನು ಹೆಚ್ಚುಕಡಿಮೆ ದಿನವೂ ನುಂಗುತ್ತೀರಿ. ತಿಂಗಳಿಗೆ 15 ದಿನ, ಕೆಲವು ಮಾತ್ರೆಗಳಾದರೆ 10 ದಿನ, ಹೀಗೆ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರಲು ಶುರು ಮಾಡುತ್ತದೆ. ನೋವು ಬರದಂತೆ ತಡೆಯುವ ಔಷಧಿಗಳು ಬೇರೆಯೇ ಇವೆ. ಪ್ರೊಪ್ರನಲಾಲ್‌ನಂಥವು ಹಳೆಯವು, ದುಬಾರಿಯೂ ಅಲ್ಲ. ಆದರೆ ನೀವು ಎಷ್ಟು ಮಾತ್ರೆ ನುಂಗುತ್ತೀರಿ ಎಂದು ತಿಳಿಯದೆ ಯಾವ ಡಾಕ್ಟರು ಸರಿಯಾದ ದಾರಿ ಹಿಡಿದಾರು?

ನಿಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಇರುತ್ತದೆ, ಸಿಲಿಂಡರ್ ಬಂದ ತಾರೀಕು ಇರುತ್ತದೆ. ಇವತ್ತಿನಿಂದ ಅದೇ ಚೌಕದಲ್ಲಿ ನೋವು ಬಂದ ದಿನಕ್ಕೆ ಒಂದು ಗೀಟು, ನುಂಗಿದ ಮಾತ್ರೆಗೆ ಒಂದು ಚುಕ್ಕೆ, ಮುಟ್ಟಾದ ದಿನಕ್ಕೆ ಒಂದು ಸುತ್ತು ಹಾಕಿ. ನೋವಿಗೆ ಮುಂಚೆ ಕಣ್ಣ ಮುಂದೆ ಬೆಳಕು ಅಂಕುಡೊಂಕಾಗಿ ಮಿನುಗಿದರೆ ಅದನ್ನೂ ಬರೆಯಿರಿ. ಹಾಗೆ ಮಿನುಗುವುದು ಕಾಣುವವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನುಂಗಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ತಿಂಗಳು ತುಂಬಿದ ಕೂಡಲೇ ಆ ಹಾಳೆ ಕಿತ್ತುಕೊಂಡು ನರರೋಗ ತಜ್ಞರ ಹತ್ತಿರ ಹೋಗಿ. ಯಜಮಾನರೂ ಬರಲಿ. ಟೋಕನ್ ಕರೆದಾಗ ಮಾತ್ರ ನಿಮ್ಮ ಚೀಲ ಹಿಡಿದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತಿರಲಿ.