ನಾಲೆ ಬಯಲಿನ ಹಳ್ಳ ಬೇಸಿಗೆಯಲ್ಲೂ ಹರಿಯುವುದೇಕೆ?

ಪ್ರಶ್ನೆ: ನಮ್ಮದು ನಾಗಮಂಗಲ ತಾಲ್ಲೂಕು. ಊರ ಹಳ್ಳ ಜೋರು ಮಳೆಗೆ ಹರಿಯುತ್ತದೆ, ಎರಡೇ ದಿನಕ್ಕೆ ನಿಲ್ಲುತ್ತದೆ. ನಾನು ಚಿಕ್ಕವನಿದ್ದಾಗ ಸಂಕ್ರಾಂತಿವರೆಗೂ ನೀರಿರುತ್ತಿತ್ತು. ತಂಗಿಯನ್ನು ಕೊಟ್ಟಿರುವ ಊರು ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಅಲ್ಲಿನ ಹಳ್ಳ ಮಾರ್ಚ್‌ನಲ್ಲೂ ಹರಿಯುತ್ತದೆ. ಅದರ ಜಲಾನಯನ ಪ್ರದೇಶ, ಅಂದರೆ ಮಳೆ ನೀರು ಹಳ್ಳಕ್ಕೆ ಹರಿದು ಬರುವ ನೆಲ, ದೊಡ್ಡದಿರಬೇಕು, ಅಲ್ವಾ? ನಮ್ಮ ಹಳ್ಳದ್ದನ್ನು ಗುರುತಿಸುವುದು ಹೇಗೆ?

ಉತ್ತರ: ದೊಡ್ಡದೇ ಇರಬೇಕೆಂದಿಲ್ಲ. ಆ ಹಳ್ಳದ ಬೇಸಿಗೆ ನೀರಿನಲ್ಲಿ ಬಹುಪಾಲು ಆ ಊರಿನ ಮಳೆಯದ್ದಲ್ಲ. ಕೊಡಗು, ಹಾಸನದ ಕಡೆ ಬಿದ್ದ ಮಳೆ ಕನ್ನಂಬಾಡಿ ಕಟ್ಟೆಯಲ್ಲಿ ನಿಂತು, ನಾಲೆಯಲ್ಲಿ ಬಂದು, ಭತ್ತ, ಕಬ್ಬಿನ ಗದ್ದೆಗೆ ಹರಿದು, ಉಳಿದದ್ದು ಬಸಿದು ಹಳ್ಳಕ್ಕೆ ಇಳಿಯುತ್ತದೆ. ಅನುಮಾನವಿದ್ದರೆ ನಾಲೆ ನಿಲ್ಲಿಸಿ ಕೆಲವು ವಾರ ಕಳೆದ ಮೇಲೆ ಹೋಗಿ ನೋಡಿ, ಹಳ್ಳ ಸೊರಗಿರುತ್ತದೆ. ಹಾಗಾಗಿ ಎರಡನ್ನೂ ಹೋಲಿಸಿ ಬೇಜಾರಾಗಬೇಡಿ.

ನಿಮ್ಮ ಹಳ್ಳಕ್ಕೆ ಇರುವುದು ಅದರ ಸ್ವಂತ ಮಳೆ ಮಾತ್ರ. ಅದೂ ಕಡಿಮೆಯಲ್ಲ. ಒಂದು ಚದರ ಕಿಲೋಮೀಟರ್ ನೆಲಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10 ಲಕ್ಷ ಲೀಟರ್. ನಿಮ್ಮ ಹಳ್ಳದ ಪ್ರದೇಶ 4 ಚದರ ಕಿಲೋಮೀಟರ್ ಅಂದುಕೊಳ್ಳಿ. 30 ಮಿಲಿಮೀಟರ್‌ನ ಒಂದೇ ಮಳೆಗೆ 12 ಕೋಟಿ ಲೀಟರ್ ಆಯಿತು! ಹೆಚ್ಚಿನದು ಮಣ್ಣಿಗೆ, ಬೆಳೆಗೆ, ಕೆರೆಗೆ ಹೋಗುತ್ತದೆ. ಮಿಕ್ಕಿದ್ದು ಹಳ್ಳಕ್ಕೆ.

ಮಳೆ ನಿಂತ ಮೇಲೂ ಹಳ್ಳ ಹರಿಯಬೇಕಾದರೆ ಅಂತರ್ಜಲ ಹಳ್ಳದ ತಳಕ್ಕಿಂತ ಮೇಲಿರಬೇಕು. ನಿಮ್ಮ ಕಡೆ ಕೆಳಗಿರುವುದು ಗಟ್ಟಿ ಕಲ್ಲು. ನೀರು ನಿಲ್ಲುವುದು ಮೇಲಿನ ಶಿಥಿಲ (ಕಲ್ಲು ಸವೆದು ಸಡಿಲವಾದ) ಪದರದಲ್ಲಿ, ಬಂಡೆಯ ಬಿರುಕಿನಲ್ಲಿ. ಬೋರ್‌ವೆಲ್‌ಗಳು ಆ ಮಟ್ಟವನ್ನು ಕೆಳಗೆ ಎಳೆದರೆ ಲೆಕ್ಕ ಉಲ್ಟಾ. ನೆಲ ಹಳ್ಳಕ್ಕೆ ನೀರು ಕೊಡುವುದಿಲ್ಲ, ಹಳ್ಳದ ನೀರನ್ನೇ ಕುಡಿಯುತ್ತದೆ. ಸಂಕ್ರಾಂತಿವರೆಗಿದ್ದ ನೀರು ಈಗ ಎರಡು ದಿನಕ್ಕೆ ಇಳಿಯಲು ನನ್ನ ಪ್ರಕಾರ ಇದೇ ಮುಖ್ಯ ಕಾರಣ.

ಇನ್ನು ಗಡಿ ಗುರುತಿಸುವುದು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳೇ ಕಾಂಟೂರ್. ಹಳ್ಳ ಇರುವಲ್ಲಿ ಈ ಗೆರೆಗಳ ಮೂತಿ ಏರಿನ ಕಡೆಗಿರುತ್ತದೆ, ದಿಣ್ಣೆಯಲ್ಲಿ ಇಳಿಜಾರಿನ ಕಡೆಗೆ. ದಿಣ್ಣೆಯ ನೆತ್ತಿಗಳನ್ನು ಸೇರಿಸುತ್ತಾ ಹೋದರೆ ಗಡಿ ಸಿಗುತ್ತದೆ. ಆದರೆ ಗೆರೆಗಳ ನಡುವೆ 20 ಮೀಟರ್ ಎತ್ತರದ ಅಂತರ. ಸಮತಟ್ಟು ಹೊಲಗಳಲ್ಲಿ ಇಷ್ಟು ಸಾಲದು. ಜೋರು ಮಳೆ ಬಿಟ್ಟ ಕೂಡಲೇ ಕುರಿ ಕಾಯುವವರೊಬ್ಬರನ್ನು ಕರೆದುಕೊಂಡು ದಿಣ್ಣೆ ಮೇಲೆ ನಡೆಯಿರಿ. ಯಾವ ಹೊಲದ ನೀರು ಎತ್ತ ಇಳಿಯುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ನಿಮ್ಮ ತಾಲ್ಲೂಕಿನಲ್ಲಿ ಈ ನಡಿಗೆಗೆ ಒಂದು ಮಜಾ ಇದೆ. ಅಲ್ಲಿನ ನೀರು ಒಂದೇ ದಾರಿ ಹಿಡಿಯುವುದಿಲ್ಲ. ಕೆಲವು ಹಳ್ಳ ಲೋಕಪಾವನಿ ನದಿಗೆ ಸೇರಿ ಶ್ರೀರಂಗಪಟ್ಟಣದ ಹತ್ತಿರ ಕರಿಘಟ್ಟದ ಬುಡದಲ್ಲಿ ಕಾವೇರಿಗೆ ಹೋಗುತ್ತವೆ. ಇನ್ನು ಕೆಲವು ವೀರವೈಷ್ಣವಿ, ಶಿಂಷಾ ನದಿಗಳ ಮೂಲಕ ಶಿವನಸಮುದ್ರದಿಂದಲೂ ಕೆಳಗೆ ಹೋಗಿ ಅದೇ ಕಾವೇರಿ ಸೇರುತ್ತವೆ. ನಿಮ್ಮದು ಯಾವುದರ ಪಾಲು ಎಂದು ಮೊದಲು ನೋಡಿ.

ಒಂದು ಕಿವಿಮಾತು. ಸುಮ್ನೆ ಜೆಸಿಬಿ ತಂದು ಹಳ್ಳ ಆಳ ಮಾಡಿ ನೇರ ಮಾಡಿಸಬೇಡಿ, ನೀರು ಇನ್ನೂ ಬೇಗ ಓಡಿಹೋಗುತ್ತದೆ. ಕೆಲಸ ಮೇಲಿನಿಂದ ಶುರುವಾಗಲಿ. ದಿಣ್ಣೆ ಹೊಲಗಳ ಬದು, ಕಟ್ಟೆ, ಕೆರೆ ಏರಿ, ಆಮೇಲೆ ಹಳ್ಳ. ಮೇಲೆ ಜಾಸ್ತಿ ತಡೆದರೆ ಕೆಳಗಿನ ಊರಿನ ಕೆರೆ ಕೋಡಿ ಬೀಳುವುದು ತಡವಾಗುತ್ತದೆ. ಅವರನ್ನೂ ಸಭೆಗೆ ಕರೆಯಿರಿ.